ಮನೆ ಬೇಕೋ, ದುಡ್ಡು ವಾಪಸ್ ಬೇಕೋ: ಬಿಲ್ಡರ್ ಫ್ಲ್ಯಾಟ್ ಕೊಡದಿದ್ದಾಗ ದೂರು ಕೊಡುವ ಬಗೆ

ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಬ್ಯಾಂಕಿನ ಇಎಂಐ. ಬಿಲ್ಡರ್ ಕಚೇರಿಗೆ ಫೋನ್ ಮಾಡಿದರೆ ‘ಮುಂದಿನ ಕ್ವಾರ್ಟರ್‌ಗೆ ಖಂಡಿತ ಸರ್’ ಎಂಬ ಉತ್ತರ. ಬೆಂಗಳೂರಿನಲ್ಲಿ ಫ್ಲ್ಯಾಟ್ ಬುಕ್ ಮಾಡಿ ಕಾದವರಿಗೆ ಈ ಮಾತು ಬಾಯಿಪಾಠ. ತಾಳ್ಮೆ ಮುಗಿದ ಮೇಲೆ ಅವರು ಕೇಳುವ ಪ್ರಶ್ನೆಯೂ ಒಂದೇ: ರೇರಾಗೆ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ ಹೋಗಬೇಕಾ, ಕನ್ಸ್ಯೂಮರ್ ಕೋರ್ಟಿಗಾ (ಗ್ರಾಹಕ ಆಯೋಗಕ್ಕಾ)? ಅದು ಎರಡನೆಯ ಪ್ರಶ್ನೆ. ಮೊದಲು ಮನೆಯವರೆಲ್ಲ ಕೂತು ತೀರ್ಮಾನಿಸಬೇಕಾದ್ದು, ಆ ಮನೆಯೇ ಬೇಕೋ, ಕಟ್ಟಿದ ದುಡ್ಡು ವಾಪಸ್ ಬೇಕೋ ಎಂಬುದನ್ನು. ನೋಟಿಸಿನ ಒಕ್ಕಣೆ, ದೂರಿನ ಕೋರಿಕೆ, ಬಡ್ಡಿಯ ಲೆಕ್ಕ ಎಲ್ಲವೂ ಹೊರಡುವುದು ಅಲ್ಲಿಂದಲೇ.

ಮೊದಲ ಹೆಜ್ಜೆ: ತೀರ್ಮಾನ

2016ರ ರೇರಾ ಕಾಯ್ದೆಯ 18ನೇ ಕಲಂ ಖರೀದಿದಾರರ ಮುಂದೆ ಎರಡು ದಾರಿ ಇಟ್ಟಿದೆ. ಯೋಜನೆಯಿಂದ ಹೊರಬಂದು ಕಟ್ಟಿದ ಅಷ್ಟೂ ಹಣವನ್ನು ಬಡ್ಡಿ ಸಮೇತ ಕೇಳಬಹುದು. ಇಲ್ಲವೇ ಉಳಿದುಕೊಂಡು, ಸ್ವಾಧೀನ ಸಿಗುವವರೆಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯಬಹುದು. ಹಣ ವಾಪಸ್ ಕೇಳುವ ಹಕ್ಕಿಗೆ ಯಾವ ಷರತ್ತೂ ಇಲ್ಲ, ಕೋರ್ಟ್ ತಡೆಯಾಜ್ಞೆ ಇತ್ತು, ಏನೇನೋ ಅನಿರೀಕ್ಷಿತ ಅಡ್ಡಿ ಬಂತು ಎಂದು ಬಿಲ್ಡರ್ ಹೇಳಿದರೂ ಅದು ಕದಲುವುದಿಲ್ಲ ಎಂದು 2021ರ ನವೆಂಬರ್‌ನಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತೀರ್ಮಾನಕ್ಕೆ ಮುಂಚೆ ವಾರದ ನಡುವೆ ಒಂದು ದಿನ ಸೈಟಿಗೆ ಹೋಗಿ ಬನ್ನಿ. ಭಾನುವಾರ ಬೇಡ, ಅವತ್ತು ಕೆಲಸ ನಿಂತಿದ್ದರೂ ಹೇಳಲು ನೆಪ ಇರುತ್ತದೆ. ಮಾದರಿ ಫ್ಲ್ಯಾಟಿನ ಟೈಲ್ಸ್ ನೋಡಿ ಮರುಳಾಗಬೇಡಿ. ಲಿಫ್ಟ್ ಕೂರಿಸುತ್ತಿದ್ದಾರಾ, ಎಸ್‌ಟಿಪಿ (ಕೊಳಚೆನೀರು ಶುದ್ಧೀಕರಣ ಘಟಕ) ಕೆಲಸ ಎಲ್ಲಿಗೆ ಬಂತು, ಟ್ರಾನ್ಸ್‌ಫಾರ್ಮರ್ ಬಂದಿದೆಯಾ ನೋಡಿ. ಕಟ್ಟಡ ಮುಗಿಯುವ ಲಕ್ಷಣ ಕಾಣುವುದು ಅಲ್ಲಿ. ದಿನಾಂಕ ಕಾಣುವಂತೆ ಫೋಟೊ ತೆಗೆದುಕೊಳ್ಳಿ. ಕರ್ನಾಟಕ ರೇರಾ ಜಾಲತಾಣದಲ್ಲಿ ಆ ಯೋಜನೆಯ ಪುಟ ತೆರೆದರೆ ಬಿಲ್ಡರ್ ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ ಪ್ರಗತಿ ವರದಿಯೂ ಸಿಗುತ್ತದೆ. ವರದಿಯಲ್ಲಿ ಒಂದು, ಸೈಟಿನಲ್ಲಿ ಇನ್ನೊಂದು ಇದ್ದರೆ ಆ ಫೋಟೊ ಮುಂದೆ ಸಾಕ್ಷ್ಯವಾಗುತ್ತದೆ. ಗೋಡೆ ಎದ್ದು ಫಿನಿಶಿಂಗ್ ಮಾತ್ರ ಉಳಿದಿದ್ದರೆ ಮನೆಯನ್ನೇ ಹಿಡಿದುಕೊಳ್ಳುವುದು ಜಾಣತನ ಎಂದು ನನ್ನ ಅನಿಸಿಕೆ. ಹಳೆಯ ಬೆಲೆಗೆ ಇನ್ನೊಂದು ಫ್ಲ್ಯಾಟ್ ಸಿಗುವುದಿಲ್ಲ. ಪಿಲ್ಲರ್ ಮಟ್ಟದಲ್ಲೇ ಕೆಲಸ ನಿಂತು ಕಾರ್ಮಿಕರ ಶೆಡ್ಡೂ ಖಾಲಿಯಾಗಿದ್ದರೆ ಹಣ ಕೇಳಿ.

ಸಾಲ ಮಾಡಿದವರು ಎರಡು ಮಾತು ನೆನಪಿಡಿ. ಬಿಲ್ಡರ್ ಮೇಲಿನ ಸಿಟ್ಟಿಗೆ ಇಎಂಐ ನಿಲ್ಲಿಸಬೇಡಿ, ಸಿಬಿಲ್ ಸ್ಕೋರ್ ಬೀಳುವುದು ನಿಮ್ಮದೇ. ಹಣ ವಾಪಸ್ ಬಂದಾಗ ಬ್ಯಾಂಕಿನ ಬಾಕಿ ಮೊದಲು ತೀರಬೇಕು. ಹಣಕ್ಕೆ ಬಡ್ಡಿ ಕೊಡಿಸಿದ ಮೇಲೆ, ಖರೀದಿದಾರ ತನ್ನ ಸಾಲಕ್ಕೆ ಕಟ್ಟಿದ ಬಡ್ಡಿಯನ್ನೂ ಬೇರೆಯಾಗಿ ಬಿಲ್ಡರ್ ತಲೆಗೆ ಕಟ್ಟಲಾಗದು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ ಆ ಸಾಲದ ಬಡ್ಡಿಯೂ ಸಿಗುತ್ತದೆಂದು ನಂಬಿ ಲೆಕ್ಕ ಹಾಕಬೇಡಿ.

ಎರಡನೆಯದು: ತಾರೀಕು ಹುಡುಕಿ

ಬೆಂಗಳೂರಿನ ಹಳೆಯ ರೂಢಿಯಲ್ಲಿ ಕರಾರು ಎರಡಿರುತ್ತವೆ. ಜಮೀನಿನ ಅವಿಭಜಿತ ಪಾಲಿಗೆ ಒಂದು ಮಾರಾಟ ಕರಾರು, ಕಟ್ಟಡಕ್ಕೆ ಇನ್ನೊಂದು ನಿರ್ಮಾಣ ಕರಾರು. ಸ್ವಾಧೀನದ ತಾರೀಕು ಸಾಮಾನ್ಯವಾಗಿ ನಿರ್ಮಾಣ ಕರಾರಿನೊಳಗೆ ಅಡಗಿರುತ್ತದೆ, ಪಕ್ಕದಲ್ಲೇ ‘ಆರು ತಿಂಗಳ ಗ್ರೇಸ್ ಅವಧಿ’ ಎಂಬ ಬಾಲವೂ ಇರುತ್ತದೆ. ರೇರಾ ನೋಂದಣಿಯಲ್ಲಿ ಬಿಲ್ಡರ್ ಅದಕ್ಕಿಂತ ಮುಂದಿನ ತಾರೀಕು ಬರೆಸಿ, ‘ಇನ್ನೂ ಟೈಮ್ ಇದೆ’ ಎನ್ನುವುದುಂಟು. ಇದನ್ನು ಒಪ್ಪಬೇಕಿಲ್ಲ. ಗುರುಗ್ರಾಮದ ಯೋಜನೆಯೊಂದರ ಬಗ್ಗೆ 2020ರ ನವೆಂಬರ್‌ನಲ್ಲಿ ಬಂದ ಇಂಪೀರಿಯಾ ಸ್ಟ್ರಕ್ಚರ್ಸ್ ತೀರ್ಪಿನ ಪ್ರಕಾರ ಲೆಕ್ಕಕ್ಕೆ ಬರುವುದು ಕರಾರಿನ ತಾರೀಕು, ರೇರಾ ನೋಂದಣಿಯ ಅವಧಿಯಲ್ಲ. ಕರಾರಿನಲ್ಲಿ ತಾರೀಕೇ ಇಲ್ಲದಿದ್ದರೆ? ಅಂಥದೊಂದು ಪ್ರಕರಣದಲ್ಲಿ ಮೂರು ವರ್ಷವನ್ನು ಸಮಂಜಸ ಅವಧಿ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಎಣಿಸಿದೆ.

ಹಾಗೆಯೇ ತಡಕ್ಕೆ ಬಿಲ್ಡರ್ ಎಷ್ಟು ಕೊಡುತ್ತಾನೆಂದು ಕರಾರಿನಲ್ಲಿ ಬರೆದಿದ್ದಾನೆ ನೋಡಿ. ‘ಚದರಡಿಗೆ ತಿಂಗಳಿಗೆ 5 ರೂಪಾಯಿ’ ಎಂಬಂಥ ಸಾಲು ಸಿಗುತ್ತದೆ. 1500 ಚದರಡಿಗೆ ತಿಂಗಳಿಗೆ 7,500 ರೂಪಾಯಿ ಆಯಿತು. ನಾವು 50 ಲಕ್ಷ ಕಟ್ಟಿದ್ದರೆ ಅದಕ್ಕೆ ಬರೀ ಶೇ 6ರ ಬಡ್ಡಿ ಹಾಕಿದರೂ ತಿಂಗಳಿಗೆ 25,000. ಈ ಅಂತರವೇ ಬೇಗೂರಿನ ವೆಸ್ಟೆಂಡ್ ಹೈಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಡಿಎಲ್‌ಎಫ್ ಸದರ್ನ್ ಹೋಮ್ಸ್ ವಿರುದ್ಧ 339 ಖರೀದಿದಾರರು ಕೊಟ್ಟ ದೂರನ್ನು, ಕರಾರಿನ 5 ರೂಪಾಯಿಗಿಂತ ಹೆಚ್ಚು ಸಿಗದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ ವಜಾ ಮಾಡಿತ್ತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಆ 5 ರೂಪಾಯಿಯ ಜತೆಗೆ, ಖರೀದಿದಾರರು ಕಟ್ಟಿದ ಹಣಕ್ಕೆ ವರ್ಷಕ್ಕೆ ಶೇ 6ರ ಸರಳ ಬಡ್ಡಿಯನ್ನೂ ಕೊಡಿಸಿತು. ಕ್ರಯಪತ್ರ ಬೇಕಿದ್ದರೆ ಪರಿಹಾರದ ಹಕ್ಕು ಬಿಡಿ ಎಂದು ಬಿಲ್ಡರ್ ಒತ್ತಾಯಿಸುವುದೂ ಸರಿಯಲ್ಲ ಎಂದಿತು. ಆದರೆ ಮೊದಲೇ ರಾಜಿ ಬರೆದುಕೊಟ್ಟಿದ್ದ ಕೆಲವರಿಗೆ ಈ ಬಡ್ಡಿ ಸಿಗಲಿಲ್ಲ. ಆದ್ದರಿಂದ ‘ಯಾವ ತಕರಾರೂ ಇಲ್ಲ’ ಎಂದು ಮುಂಚೆಯೇ ಟೈಪ್ ಮಾಡಿಟ್ಟ ಹಾಳೆ ಮುಂದೆ ಬಂದರೆ ಪೆನ್ನು ಜೇಬಿನಲ್ಲೇ ಇರಲಿ.

ಒಸಿ ಇಲ್ಲದ ಕೀಲಿ ಕೀಲಿಯಲ್ಲ

ಕೇಸು ಹಾಕುವ ಸುಳಿವು ಸಿಕ್ಕ ಕೂಡಲೇ ಕೆಲವು ಬಿಲ್ಡರ್‌ಗಳು ‘ಫಿಟ್‌ಔಟ್ ಪೊಸೆಷನ್’ ಎಂದು ಪತ್ರ ಕಳಿಸುತ್ತಾರೆ. ಒಳಗೆ ಮರಗೆಲಸ ಮಾಡಿಸಿಕೊಳ್ಳಿ, ಉಳಿದದ್ದು ಆಮೇಲೆ ಎಂಬುದು ಅದರ ಅರ್ಥ. ಪಾಲಿಕೆ ಅಥವಾ ಬಿಡಿಎಯಿಂದ ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಒಸಿ, ಬಂದಿದೆಯಾ ಎಂದು ಲಿಖಿತವಾಗಿ ಕೇಳಿ. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಇಲ್ಲದೆ ಸ್ವಾಧೀನ ಕೊಡುತ್ತೇನೆ ಎಂಬುದು ಊರ್ಜಿತವಾಗದು ಎಂದು ಆಗ್ರಾ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ 2024ರಲ್ಲಿ ತೀರ್ಪಾಗಿದೆ. ಅಂಥ ಪತ್ರ ಬಂದ ದಿನಕ್ಕೆ ತಡದ ಬಡ್ಡಿ ನಿಂತುಹೋಗುತ್ತದೆ ಎಂದು ಬಿಲ್ಡರ್ ವಾದಿಸಿದರೆ ಈ ತೀರ್ಪು ನಿಮ್ಮ ಕೈಯಲ್ಲಿರಲಿ.

ಕಾಗದ, ಆಮೇಲೆ ನೋಟಿಸ್

ಅಲಾಟ್‌ಮೆಂಟ್ ಪತ್ರ, ಎರಡೂ ಕರಾರು, ಬ್ಯಾಂಕ್ ಜತೆಗಿನ ತ್ರಿಪಕ್ಷೀಯ ಕರಾರು, ಡಿಮ್ಯಾಂಡ್ ನೋಟ್‌ಗಳು, ರಸೀದಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ಇಮೇಲ್‌ಗಳು, ತೇದಿ ಹಾಕಿದ ಬ್ರೋಷರ್ ಎಲ್ಲ ಒಂದೆಡೆ ಸೇರಿಸಿ. ಮೊದಲ ಪುಟದಲ್ಲಿ ಮೂರು ಕಾಲಮ್ಮಿನ ಪಟ್ಟಿ ಇರಲಿ: ತಾರೀಕು, ನಡೆದದ್ದು, ದಾಖಲೆಯ ಪುಟ ಸಂಖ್ಯೆ. ಆಯೋಗದ ಸದಸ್ಯರು ಹೆಚ್ಚು ಹೊತ್ತು ನೋಡುವುದು ಈ ಪಟ್ಟಿಯನ್ನೇ. ಫೋನಿನಲ್ಲಿ ಕೊಟ್ಟ ಭರವಸೆಗೆ ಸಾಕ್ಷಿ ಇರುವುದಿಲ್ಲ, ಅದಕ್ಕೆ ಅವತ್ತೇ ಒಂದು ಇಮೇಲ್ ಹಾಕಿ: ‘ಈ ದಿನ ಫೋನಿನಲ್ಲಿ ತಾವು ತಿಳಿಸಿದಂತೆ ಮಾರ್ಚ್ ಒಳಗೆ ಸ್ವಾಧೀನ ಕೊಡುವಿರೆಂದು ನಾನು ತಿಳಿದಿದ್ದೇನೆ.’ ವಾಟ್ಸ್‌ಆ್ಯಪ್ ಚಾಟ್ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸುವುದು ಒಳ್ಳೆಯದು.

ನೋಟಿಸ್ ಒಂದು ಪುಟ ಸಾಕು. ಕರಾರಿನ ತಾರೀಕು, ಕಟ್ಟಿದ ಮೊತ್ತ, ತಪ್ಪಿದ ದಿನಾಂಕ, ಮತ್ತು ಒಂದು ಸ್ಪಷ್ಟ ಕೋರಿಕೆ: ‘ಈ ನೋಟಿಸ್ ತಲುಪಿದ 15 ದಿನದೊಳಗೆ, ನಾನು ಪಾವತಿಸಿದ ಪೂರ್ತಿ ಹಣವನ್ನು ಪ್ರತಿ ಕಂತು ಕಟ್ಟಿದ ದಿನದಿಂದ ಬಡ್ಡಿ ಸಮೇತ ಮರಳಿಸಬೇಕು.’ ಮನೆಯೇ ಬೇಕಿದ್ದವರು ಈ ಜಾಗದಲ್ಲಿ ‘ಒಸಿ ಸಮೇತ ಸ್ವಾಧೀನ, ಅಲ್ಲಿಯವರೆಗೆ ತಿಂಗಳಿಗೊಮ್ಮೆ ಬಡ್ಡಿ’ ಎಂದು ಬರೆಯಿರಿ. ಸ್ಪೀಡ್ ಪೋಸ್ಟ್‌ನಲ್ಲೂ ಇಮೇಲ್‌ನಲ್ಲೂ ಕಳಿಸಿ. ನೋಟಿಸಿನಲ್ಲಿ ಹಣ, ದೂರಿನಲ್ಲಿ ಮನೆ ಕೇಳಿದರೆ ಎದುರು ವಕೀಲರಿಗೆ ಅದೇ ಹಬ್ಬ.

ಈಗ ಆ ಎರಡನೆಯ ಪ್ರಶ್ನೆ

ರೇರಾ ಬಂದ ಮೇಲೂ ಗ್ರಾಹಕ ಆಯೋಗದ ಬಾಗಿಲು ಮುಚ್ಚಿಲ್ಲ, ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು ಎಂಬುದು ಅದೇ ಇಂಪೀರಿಯಾ ತೀರ್ಪಿನ ತಿರುಳು. ಒಂದೇ ಪರಿಹಾರಕ್ಕೆ ಎರಡೂ ಕಡೆ ಹೋಗಬೇಡಿ.

ತಡದ ಬಡ್ಡಿ ಅಥವಾ ಹಣ ವಾಪಸ್, ಇಷ್ಟೇ ಬೇಕಿದ್ದರೆ ರೇರಾ ನೇರ ದಾರಿ. ಕರ್ನಾಟಕದ ನಿಯಮದಲ್ಲಿ ಬಡ್ಡಿ ದರ ಎಸ್‌ಬಿಐನ ಎಂಸಿಎಲ್‌ಆರ್ (ಬ್ಯಾಂಕು ಸಾಲಕ್ಕೆ ಇಟ್ಟುಕೊಂಡ ಮೂಲ ಬಡ್ಡಿ ದರ) ಮೇಲೆ ಇನ್ನೂ ಶೇ 2, ಚೌಕಾಸಿಗೆ ಜಾಗವಿಲ್ಲ. ಮಾನಸಿಕ ಹಿಂಸೆ, ಕಟ್ಟಿದ ಬಾಡಿಗೆ ಮೊದಲಾದವಕ್ಕೂ ಒಟ್ಟಿಗೇ ಪರಿಹಾರ ಕೇಳುವುದಿದ್ದರೆ ಗ್ರಾಹಕ ಆಯೋಗ ಅನುಕೂಲ, ಏಕೆಂದರೆ ರೇರಾದಲ್ಲಿ ಪರಿಹಾರದ ಭಾಗ ಪ್ರತ್ಯೇಕವಾಗಿ ನ್ಯಾಯನಿರ್ಣಯ ಅಧಿಕಾರಿಯ ಮುಂದೆ ಹೋಗುತ್ತದೆ. ಆಯೋಗದಲ್ಲಿ ಬಡ್ಡಿ ದರ ಮಾತ್ರ ಅವರ ವಿವೇಚನೆಗೆ ಬಿಟ್ಟದ್ದು.

ಯಾವ ಆಯೋಗ ಎಂಬುದನ್ನು 2021ರ ಡಿಸೆಂಬರ್‌ನ ನಿಯಮ ಹೇಳುತ್ತದೆ. ಫ್ಲ್ಯಾಟಿಗೆ ಕೊಟ್ಟ ಪ್ರತಿಫಲ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ, ಮೇಲಿನದು ದೆಹಲಿಯ ರಾಷ್ಟ್ರೀಯ ಆಯೋಗ. ಬಡ್ಡಿ, ಪರಿಹಾರ ಕೂಡಿಸಬಾರದು. 48 ಲಕ್ಷದ ಫ್ಲ್ಯಾಟಿಗೆ ಪೂರ್ತಿ ಹಣ ಕಟ್ಟಿ, ಮೇಲೆ 20 ಲಕ್ಷ ಕೇಳುತ್ತಿದ್ದರೂ ಜಿಲ್ಲಾ ಆಯೋಗವೇ. ಅದಕ್ಕೆ ಶುಲ್ಕ 1,000 ರೂಪಾಯಿ. 1 ಕೋಟಿವರೆಗಿನದಕ್ಕೆ 2,000. ನೀವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು ಎಂಬುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ದೊಡ್ಡ ಉಪಕಾರ. ಫ್ಲ್ಯಾಟ್ ವೈಟ್‌ಫೀಲ್ಡಿನಲ್ಲಿದ್ದು ನೀವು ಧಾರವಾಡದಲ್ಲಿದ್ದರೆ ಧಾರವಾಡದಲ್ಲೇ. ವಕೀಲರು ಕಡ್ಡಾಯವಲ್ಲ, ಆದರೆ ಬಿಲ್ಡರ್ ಕಡೆ ಇದ್ದೇ ಇರುತ್ತಾರೆ. ಲಕ್ಷಗಟ್ಟಲೆ ಹಣದ ಮಾತಾದ್ದರಿಂದ ಕರಡನ್ನಾದರೂ ಬಲ್ಲವರಿಗೆ ತೋರಿಸಿ.

ದೂರಿಗೆ ಎರಡು ವರ್ಷದ ಗಡುವಿದೆ. ಸ್ವಾಧೀನ ಕೊಡದಿರುವುದು ಮುಂದುವರಿಯುತ್ತಲೇ ಇರುವ ತಪ್ಪು ಎಂದು ನ್ಯಾಯಾಲಯಗಳು ಒಪ್ಪಿವೆ ನಿಜ, ಆದರೂ ಗಡುವು ಮೀರಿಸಿ ಆ ವಾದಕ್ಕೆ ಜೋತುಬೀಳುವುದೇಕೆ? ‘ಇವರು ಹೂಡಿಕೆದಾರರು, ಗ್ರಾಹಕರಲ್ಲ’ ಎಂಬ ಮಾಮೂಲು ತಕರಾರಿಗೆ, ವಾಸಕ್ಕಾಗಿ ಕೊಂಡದ್ದು ಎಂದು ದೂರಿನಲ್ಲೇ ಒಂದು ಸಾಲು ಬರೆದಿಡಿ.

ಸಲ್ಲಿಕೆ ಇ-ಜಾಗೃತಿ ಪೋರ್ಟಲ್‌ನಲ್ಲಿ. ಇದು 2025ರ ಜನವರಿಯಲ್ಲಿ ಬಂದದ್ದು, ಹಿಂದಿನ ಇ-ದಾಖಿಲ್ ಈಗ ಅದರಲ್ಲೇ ಸೇರಿದೆ. ಅನುಮಾನ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಪಾರ್ಟ್‌ಮೆಂಟಿನ ಹಲವರು ಸೇರಿ ಹೋಗುವುದಾದರೆ ಬೆಂಗಳೂರಿನದೇ ಬ್ರಿಗೇಡ್ ಎಂಟರ್‌ಪ್ರೈಸಸ್ ಪ್ರಕರಣ ಗಮನಿಸಿ. 1134 ಫ್ಲ್ಯಾಟುಗಳ ಸಮುಚ್ಚಯದಲ್ಲಿ 51 ಫ್ಲ್ಯಾಟುಗಳ 91 ಮಾಲೀಕರು ಎಲ್ಲರ ಪರವಾಗಿ ದೂರು ಕೊಟ್ಟಿದ್ದರು. ಎಲ್ಲರ ಹಿತವೂ ಒಂದೇ ಎಂದು ತೋರಿಸಿಲ್ಲ, ಆದ್ದರಿಂದ ಇದು ಎಲ್ಲರ ಪರವಾದ ದೂರಲ್ಲ. ಆ 91 ಜನರ ಜಂಟಿ ದೂರಾಗಿ ಮಾತ್ರ ನಡೆಯಲಿ ಎಂದು 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮನೆ ಬೇಕೆನ್ನುವವರನ್ನೂ ಹಣ ಬೇಕೆನ್ನುವವರನ್ನೂ ಒಂದೇ ದೂರಿನಲ್ಲಿ ಕಟ್ಟಿಹಾಕಬೇಡಿ.

ಆದೇಶ ಬಂದ ಮೇಲೆ

ಆಯೋಗದ ನೋಟಿಸ್ ತಲುಪಿದ ಮೇಲೆ ಉತ್ತರ ಸಲ್ಲಿಸಲು ಬಿಲ್ಡರ್‌ಗೆ 30 ದಿನ, ಹೆಚ್ಚೆಂದರೆ ಇನ್ನೂ 15. ಅದಕ್ಕಿಂತ ಒಂದು ದಿನವೂ ಜಾಸ್ತಿ ಕೊಡುವಂತಿಲ್ಲ ಎಂದು 2020ರಲ್ಲಿ ಸಂವಿಧಾನ ಪೀಠವೇ ಹೇಳಿದೆ, 46ನೇ ದಿನ ನೆನಪಿಸಿ. ಮೂರು ತಿಂಗಳಲ್ಲಿ ಮುಗಿಸಬೇಕೆಂಬುದು ಕಾಯ್ದೆಯಲ್ಲಿದೆ. ವಾಯಿದೆಗಳ ಸಂಗತಿ ಬೇರೆ.

ಗೆದ್ದರೂ ಬಿಲ್ಡರ್ ಮೇಲ್ಮನವಿ ಹೋಗಬಹುದು, ಜಿಲ್ಲೆಯಿಂದ ರಾಜ್ಯಕ್ಕೆ 45 ದಿನದೊಳಗೆ. ಆದರೆ ಆದೇಶದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ಗ್ರಾಹಕ ಕಾಯ್ದೆಯ 71ನೇ ಕಲಮಿನಡಿ ಆಸ್ತಿ ಜಪ್ತಿಗೆ, 72ರಡಿ ಶಿಕ್ಷೆಗೆ ಅರ್ಜಿ ಹಾಕಿ. 72ರಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಇರುವುದರಿಂದ, ಅಲ್ಲಿಯವರೆಗೆ ಫೋನ್ ಎತ್ತದ ನಿರ್ದೇಶಕರು ಮಾತುಕತೆಗೆ ಬರುವುದುಂಟು. ರೇರಾ ಆದೇಶವಾದರೆ ವಸೂಲಾತಿ ಪತ್ರ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಕಂದಾಯ ಬಾಕಿಯಂತೆ ವಸೂಲಾಗಬೇಕು. ಕಡತ ತಹಶೀಲ್ದಾರರ ಮೇಜಿನಲ್ಲೇ ಕೂರುವುದು ಇಲ್ಲಿನ ದೊಡ್ಡ ತಲೆನೋವು. ಬಿಲ್ಡರ್‌ನ ಯಾವ ಆಸ್ತಿ ಎಲ್ಲಿದೆ ಎಂಬ ಸರ್ವೆ ನಂಬರು, ಇಸಿ (ಋಣಭಾರ ಪ್ರಮಾಣಪತ್ರ) ನೀವೇ ತೆಗೆದು ಕೊಟ್ಟರೆ ಅದು ಅಲ್ಲಾಡುತ್ತದೆ.

ಈ ನಡುವೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಸೇರಿದರೆ ಅದರ ಮೇಲಿನ ಪ್ರಕರಣಗಳು ನಿಲ್ಲುತ್ತವೆ. ಆಗ ಪತ್ರಿಕೆಯಲ್ಲಿ ಬರುವ ಪ್ರಕಟಣೆ ನೋಡಿ, ಅದರಲ್ಲಿ ಹೇಳಿದ ದಿನದೊಳಗೆ ಆ ಪ್ರಕ್ರಿಯೆ ನಡೆಸುವ ರೆಸಲ್ಯೂಷನ್ ಪ್ರೊಫೆಷನಲ್‌ಗೆ ‘ಫಾರಂ ಸಿಎ’ಯಲ್ಲಿ ನಿಮಗೆ ಬರಬೇಕಾದ ಹಣದ ಕೋರಿಕೆ ಸಲ್ಲಿಸಬೇಕು. ಫ್ಲ್ಯಾಟ್ ಖರೀದಿದಾರರೂ ಬ್ಯಾಂಕುಗಳಂತೆ ಹಣಕಾಸು ಸಾಲದಾತರೆಂದು 2018ರ ತಿದ್ದುಪಡಿ ಒಪ್ಪಿರುವುದರಿಂದ ಸಾಲದಾತರ ಸಮಿತಿಯಲ್ಲಿ ನಿಮ್ಮ ಪರ ಪ್ರತಿನಿಧಿ, ನಿಮ್ಮದೊಂದು ಮತ ಇರುತ್ತದೆ.