ಮಂಚ ಕಿರ್ ಕಿರ್ ಅನ್ನುತ್ತಿದೆಯಾ? ಎಣ್ಣೆ ಬಿಡುವ ಮೊದಲು ಜಾಗ ಹುಡುಕಿ

ಮಂಚ ಸದ್ದು ಮಾಡಲು ಶುರುವಾದರೆ ಸುಮಾರು ಮನೆಗಳಲ್ಲಿ ಮೊದಲು ಕೈಗೆ ಬರುವುದು ಕೊಬ್ಬರಿ ಎಣ್ಣೆ ಬಾಟಲಿ. ದಯವಿಟ್ಟು ಬೇಡ. ಮರ ಎಣ್ಣೆ ಕುಡಿಯುತ್ತದೆ, ನಾಲ್ಕು ದಿನ ಸದ್ದು ಕಡಿಮೆಯಾದ ಹಾಗೆ ಅನ್ನಿಸುತ್ತದೆ, ಆಮೇಲೆ ಅದೇ ಜಾಗಕ್ಕೆ ಧೂಳು ಅಂಟಿ ಜಿಡ್ಡಾಗಿ ಮತ್ತೆ ಶುರು. ಹಾಸಿಗೆಗೆ ಕಲೆ ಬೇರೆ. ಇನ್ನೂ ದೊಡ್ಡ ತೊಂದರೆ ಏನೆಂದರೆ, ಎಣ್ಣೆ ಕುಡಿದ ಮರಕ್ಕೆ ಮುಂದೆ ಫೆವಿಕಾಲ್ ಸರಿಯಾಗಿ ಹಿಡಿಯುವುದಿಲ್ಲ.

ಸದ್ದು ಬರುವುದು ಎರಡು ತುಂಡುಗಳು ಒಂದಕ್ಕೊಂದು ಉಜ್ಜಿದಾಗ. ಮರಕ್ಕೆ ಮರ, ಮೊಳೆಗೆ ಮರ, ಕಬ್ಬಿಣಕ್ಕೆ ಕಬ್ಬಿಣ, ಯಾವುದಾದರೂ ಆಗಬಹುದು. ಮಾಡಬೇಕಾದ್ದು ಎರಡೇ. ಅಲ್ಲಾಡದ ಹಾಗೆ ಬಿಗಿ ಮಾಡಬೇಕು, ಬಿಗಿ ಮಾಡಲು ಆಗದ ಕಡೆ ನಡುವೆ ಮೆತ್ತಗಿನದು ಅಥವಾ ಜಾರುವಂಥದ್ದು ಏನಾದರೂ ಇಡಬೇಕು. ಆದರೆ ಎಲ್ಲಿ ಉಜ್ಜುತ್ತಿದೆ ಅಂತ ತಿಳಿಯದೆ ಕಂಡ ಕಂಡ ಬೋಲ್ಟನ್ನೆಲ್ಲ ಸುಮ್ನೆ ತಿರುಗಿಸುತ್ತಾ ಹೋದರೆ ಮರದ ತೂತು ದೊಡ್ಡದಾಗುತ್ತದೆಯೇ ಹೊರತು ಸದ್ದು ನಿಲ್ಲುವುದಿಲ್ಲ. ಹುಡುಕುವುದೇ ಮುಕ್ಕಾಲು ಕೆಲಸ.

ಭಾನುವಾರ ಬೆಳಿಗ್ಗೆ ಬೇಗ, ರಸ್ತೆಯಲ್ಲಿ ಗಾಡಿಗಳ ಗಲಾಟೆ ಶುರುವಾಗುವ ಮೊದಲು ಕೂತುಕೊಳ್ಳಿ. ಫ್ಯಾನ್ ಆಫ್ ಮಾಡಿ. ಮೊದಲು ಹಾಸಿಗೆಯನ್ನು ನೆಲಕ್ಕೆ ಇಳಿಸಿ ಅದರ ಮೇಲೆ ಹೊರಳಾಡಿ ನೋಡಿ. ಅಲ್ಲೂ ಸದ್ದು ಬಂದರೆ ತಪ್ಪು ಸ್ಪ್ರಿಂಗ್ ಹಾಸಿಗೆಯದು, ಮಂಚ ಬಿಚ್ಚುವ ಅಗತ್ಯವೇ ಇಲ್ಲ. ಬರದಿದ್ದರೆ ಮನೆಯಲ್ಲಿ ಇನ್ನೊಬ್ಬರನ್ನು ಕರೆಯಿರಿ. ಅವರು ಮಂಚದ ಒಂದೊಂದು ಮೂಲೆಯನ್ನೂ ಮೊಣಕಾಲಿನಿಂದ ಒತ್ತಿ ಒತ್ತಿ ಬಿಡಲಿ, ನೀವು ಆ ಮೂಲೆಯ ಜೋಡಣೆಯ ಮೇಲೆ ಬೆರಳಿಡಿ, ಅರ್ಧ ಬೆರಳು ಕಾಲಿನ ಮೇಲೆ, ಅರ್ಧ ಪಕ್ಕದ ಹಲಗೆಯ ಮೇಲೆ. ಮರದಲ್ಲಿ ಸದ್ದು ಹರಿದು ಬರುವುದರಿಂದ ಕಿವಿ ಮೋಸ ಹೋಗುತ್ತದೆ. ತಲೆಕಡೆ ಕೇಳಿದ ಸದ್ದಿನ ಮೂಲ ಕಾಲ್ಕಡೆ ಇರಬಹುದು. ಬೆರಳಿಗೆ ಮಾತ್ರ ಎರಡು ತುಂಡು ಬೇರೆ ಬೇರೆ ಅಲ್ಲಾಡುವುದು ಚೆನ್ನಾಗಿ ಗೊತ್ತಾಗುತ್ತದೆ. ಸಿಕ್ಕಿದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಇನ್ನೆರಡು ವಿಷಯ ನೋಡಿ. ತಲೆಕಡೆ ಹಲಗೆ ಗೋಡೆಗೆ ತಾಗುತ್ತಿದೆಯಾ? ಹಾಗಿದ್ದರೆ ಒಂದಿಂಚು ಈಚೆಗೆ ಎಳೆಯಿರಿ. ನಾಲ್ಕು ಕಾಲೂ ನೆಲಕ್ಕೆ ಕೂತಿವೆಯಾ? ಹಳೆ ರೆಡ್ ಆಕ್ಸೈಡ್ ನೆಲ ಇರಲಿ, ಹೊಸ ಟೈಲ್ಸ್ ಇರಲಿ, ಪೂರ್ತಿ ಮಟ್ಟವಾಗಿ ಇರುವುದು ಅಪರೂಪ. ಮದುವೆ ಕಾರ್ಡೊಂದನ್ನು ಪ್ರತಿ ಕಾಲಿನ ಕೆಳಗೆ ತೂರಿಸಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ಕಾಲು ತೇಲುತ್ತಿದೆ ಎಂದರ್ಥ. ಮಡಚಿದ ಪೇಪರ್ ಇಡಬೇಡಿ, ಅದು ವಾರದಲ್ಲಿ ಅಮುಕಿ ಹೋಗುತ್ತದೆ. ತೆಳುವಾದ ಪ್ಲೈ ತುಂಡೋ ಗಟ್ಟಿ ರಬ್ಬರೋ ಇಡಿ. ದೊಡ್ಡ ಡಬಲ್ ಮಂಚಗಳಿಗೆ ಮಧ್ಯದಲ್ಲಿ ಒಂದು ಆಧಾರದ ಕಾಲು ಇರುತ್ತದೆ, ಬಗ್ಗಿ ನೋಡದೆ ಕಾಣುವುದಿಲ್ಲ. ಅದು ನೆಲಕ್ಕೆ ತಾಗದೆ ನೇತಾಡುತ್ತಿದ್ದರೆ ಇಡೀ ಮಂಚ ನಡುವಿನಲ್ಲಿ ಬಗ್ಗಿ ಪ್ರತಿ ಜೋಡಣೆಯೂ ಸದ್ದು ಮಾಡುತ್ತದೆ.

ಈಗ ಬೋಲ್ಟುಗಳಿಗೆ ಬರೋಣ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಾಯಿಸುವವರು ಜಾಸ್ತಿ ಅಲ್ವಾ, ಒಂದೊಂದು ಸಲ ಮನೆ ಬದಲಾದಾಗಲೂ ಮಂಚ ಬಿಚ್ಚಿ ಮತ್ತೆ ಜೋಡಿಸುತ್ತಾರೆ, ಸಾಮಾನು ಸಾಗಿಸುವ ಹುಡುಗರಿಗೆ ಇನ್ನೊಂದು ಮನೆಗೆ ಹೋಗುವ ಅವಸರ, ಆ ಗಡಿಬಿಡಿಯಲ್ಲಿ ಮೊದಲು ಕಾಣೆಯಾಗುವುದು ವಾಷರ್. ವಾಷರ್ ಇಲ್ಲದ ಬೋಲ್ಟಿನ ತಲೆ ಮರದೊಳಗೆ ಹುದುಗುತ್ತದೆ, ಎಷ್ಟು ಬಿಗಿ ಮಾಡಿದರೂ ಮತ್ತೆ ಸಡಿಲ. ಹಾಗಾಗಿ ಬಿಗಿ ಮಾಡುವುದಷ್ಟೇ ಸಾಲದು, ಬೋಲ್ಟನ್ನು ಒಂದೊಂದಾಗಿ ಹೊರತೆಗೆದು ನೋಡಿ. ಬೋಲ್ಟಿನ ತಲೆಯಡಿ ಒಂದು ಅಗಲವಾದ ಚಪ್ಪಟೆ ವಾಷರ್, ನಟ್ಟಿನ ಕಡೆ ಒಂದು ಸ್ಪ್ರಿಂಗ್ ವಾಷರ್ ಹಾಕಿ. ಸಾಮಾನ್ಯವಾಗಿ ಮಂಚಕ್ಕೆ ಎಂ6 ಅಥವಾ ಎಂ8 ಬೋಲ್ಟು ಇರುತ್ತದೆ. ಆರು ಮೂಲೆಯ ತಲೆ ಇದ್ದರೆ ಎಂ6ಕ್ಕೆ 10ರ ಸ್ಪ್ಯಾನರ್, ಎಂ8ಕ್ಕೆ 13ರ ಸ್ಪ್ಯಾನರ್ ಬೇಕು. ತಲೆಯಲ್ಲಿ ಗುಳಿ ಇರುವ ಬೋಲ್ಟಾದರೆ ಅಲೆನ್ ಕೀ (ಆ ಗುಳಿಗೆ ತೂರಿಸಿ ತಿರುಗಿಸುವ ಎಲ್ ಆಕಾರದ ಕಡ್ಡಿ) ಸೆಟ್ ತಂದುಬಿಡಿ. ಇವೆಲ್ಲ ನಿಮ್ಮ ಏರಿಯಾದ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತವೆ. ವಿಚಿತ್ರ ಅಳತೆಯ ಬೋಲ್ಟಾದರೆ ಮಾತ್ರ ಹಳೆಯದನ್ನು ಜೇಬಿಗೆ ಹಾಕಿಕೊಂಡು ಹಾರ್ಡ್‌ವೇರ್ ಅಂಗಡಿಗಳು ಸಾಲಾಗಿರುವ ಎಸ್.ಪಿ. ರೋಡಿಗೆ ಹೋಗಿ. ಬಾಯಲ್ಲಿ ಅಳತೆ ಹೇಳುವುದಕ್ಕಿಂತ ಕೈಯಲ್ಲಿ ತೋರಿಸುವುದು ಒಳ್ಳೆಯದು.

ಬಿಗಿ ಮಾಡುವಾಗ ಒಂದೇ ಮೂಲೆಯನ್ನು ಪೂರ್ತಿ ಬಿಗಿ ಮಾಡಬೇಡಿ. ನಾಲ್ಕೂ ಮೂಲೆಯನ್ನು ಅರ್ಧರ್ಧ ಬಿಗಿ ಮಾಡಿ, ಮಂಚವನ್ನು ಒಮ್ಮೆ ಅಲುಗಾಡಿಸಿ ಕೂರಿಸಿ, ಆಮೇಲೆ ಎದುರು ಬದುರು ಮೂಲೆಗಳನ್ನು ಪೂರ್ತಿ ಬಿಗಿ ಮಾಡಿ. ಸ್ಕ್ರೂ ಸುಮ್ನೆ ತಿರುಗುತ್ತಿದ್ದರೆ ತೂತು ಅಗಲವಾಗಿದೆ. ಬೆಂಕಿಕಡ್ಡಿಗಳ ಮದ್ದಿನ ತುದಿ ಮುರಿದು ಎಸೆದು, ಉಳಿದ ಕಡ್ಡಿಗೆ ಫೆವಿಕಾಲ್ ಸವರಿ ತೂತಿನೊಳಗೆ ಬಿಗಿಯಾಗಿ ತುರುಕಿ, ಮಟ್ಟಕ್ಕೆ ಕತ್ತರಿಸಿ, ಒಂದು ಇಡೀ ದಿನ ಒಣಗಲು ಬಿಡಿ. ಆಮೇಲೆ ಅದೇ ಸ್ಕ್ರೂ ಹಾಕಿದರೆ ಗಟ್ಟಿಯಾಗಿ ಹಿಡಿಯುತ್ತದೆ. ಇದು ನಿಜವಾದ ಮರಕ್ಕೆ. ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಆದರೆ, ಅದರಲ್ಲೂ ನೆಲ ಒರೆಸುವ ನೀರು ತಾಗಿ ಉಬ್ಬಿದ್ದರೆ, ಈ ಉಪಾಯ ಹೆಚ್ಚು ದಿನ ನಿಲ್ಲುವುದಿಲ್ಲ. ಒಳಮೂಲೆಗೆ ಎಲ್ ಆಕಾರದ ಕಬ್ಬಿಣದ ಪಟ್ಟಿ ಹಾಕಿ ಹೊಸ ಜಾಗದಲ್ಲಿ ಸ್ಕ್ರೂ ಹೊಡೆಯುವುದೇ ವಾಸಿ.

ಮೂಲೆಗಳೆಲ್ಲ ಗಟ್ಟಿಯಾಗಿದ್ದೂ ಸದ್ದು ಬರುತ್ತಿದ್ದರೆ ಅದು ಸಾಮಾನ್ಯವಾಗಿ ಪ್ಲೈ ಮತ್ತು ರೀಪರ್ (ಪ್ಲೈಯನ್ನು ಕೆಳಗಿನಿಂದ ಹೊರುವ ಮರದ ಪಟ್ಟಿ) ನಡುವೆ. ನನ್ನ ಪ್ರಕಾರ ಬಡಗಿ ಮಾಡಿಕೊಟ್ಟ ಮಂಚಗಳಲ್ಲಿ ಹೆಚ್ಚಿನ ಸದ್ದು ಇಲ್ಲಿಯದೇ. ಪ್ಲೈ ಹಲಗೆಯನ್ನು ರೀಪರಿಗೆ ಮೊಳೆ ಹೊಡೆದು ಕೂರಿಸಿರುತ್ತಾರೆ. ವರ್ಷ ಕಳೆದ ಮೇಲೆ ಮೊಳೆ ಸಡಿಲವಾಗಿ, ನೀವು ಮಗ್ಗುಲಾದಾಗಲೆಲ್ಲ ಪ್ಲೈ ಆ ಮೊಳೆಗುಂಟ ಮೇಲಕ್ಕೂ ಕೆಳಕ್ಕೂ ಜಾರುತ್ತದೆ, ಅದೇ ಕಿರ್ರ್ ಸದ್ದು. ಮೊಳೆಯನ್ನು ಮತ್ತೆ ಹೊಡೆದರೆ ಪ್ರಯೋಜನವಿಲ್ಲ. ಕಿತ್ತು ಹಾಕಿ, ಪಕ್ಕದಲ್ಲಿ ಸ್ಕ್ರೂ ಹಾಕಿ. ಸ್ಕ್ರೂ ಎರಡನ್ನೂ ಎಳೆದು ಹಿಡಿಯುತ್ತದೆ, ಮೊಳೆಗೆ ಆ ಶಕ್ತಿ ಇಲ್ಲ. ರೀಪರುಗಳು ಬಿಡಿಬಿಡಿಯಾಗಿ ಕೊರೆದ ಕಚ್ಚುಗಳಲ್ಲಿ ಕೂತಿರುವ ಮಂಚವಾದರೆ, ಒಂದೊಂದರ ತುದಿಗೂ ಹಳೆ ಸೈಕಲ್ ಟ್ಯೂಬಿನ ತುಂಡು ಅಥವಾ ದಪ್ಪ ಫೆಲ್ಟ್ ಬಟ್ಟೆ ಸುತ್ತಿ ಕೂರಿಸಿ. ಜಾಗ ಇಲ್ಲದಷ್ಟು ಬಿಗಿ ಇದ್ದರೆ ಅಲ್ಲಿ ಉಜ್ಜುವ ಎರಡೂ ಮುಖಕ್ಕೆ ಉಪ್ಪುಕಾಗದ ತಿಕ್ಕಿ, ಬಿಳಿ ಮೇಣದ ಬತ್ತಿಯನ್ನು ಒಣಗಿದ ಹಾಗೇ ಜೋರಾಗಿ ಸವರಿ. ಎಣ್ಣೆಯ ಹಾಗೆ ಮರದ ಒಳಗೆ ಇಳಿಯದೆ ಮೇಲೇ ನಿಲ್ಲುವುದರಿಂದ ಮೇಣ ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ. ಬಗ್ಗಿದ ಅಥವಾ ಬಿರುಕು ಬಿಟ್ಟ ರೀಪರ್ ಇದ್ದರೆ ಬದಲಾಯಿಸಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಅಳತೆ ಕೊಟ್ಟರೆ ಕೊಯ್ದು ಕೊಡುತ್ತಾರೆ.

ಈ ಊರಿನ ಹವೆಯದೂ ಒಂದು ಪಾಲು ಇದೆ. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಫೆಬ್ರವರಿ ಮಾರ್ಚಿನ ಒಣಗಾಳಿಗೆ ಕುಗ್ಗುತ್ತದೆ. ಉದ್ದದಲ್ಲಿ ಅಷ್ಟೇನೂ ಬದಲಾಗುವುದಿಲ್ಲ, ಅಗಲ ಮತ್ತು ದಪ್ಪದಲ್ಲಿ ಆಗುತ್ತದೆ, ಬೋಲ್ಟು ಹಾದು ಹೋಗುವುದೂ ಕಾಲಿನ ಆ ದಪ್ಪದಲ್ಲೇ. ಅದಕ್ಕೇ ಅಕ್ಟೋಬರಿನಲ್ಲಿ ಸುಮ್ಮನಿದ್ದ ಮಂಚ ಶಿವರಾತ್ರಿ ಕಳೆಯುತ್ತಿದ್ದ ಹಾಗೆ ಮಾತಾಡಲು ಶುರು ಮಾಡುತ್ತದೆ. ವರ್ಷಕ್ಕೊಮ್ಮೆ ಬಿಗಿ ಮಾಡುವುದಾದರೆ ಯುಗಾದಿಗೆ ಮನೆ ತೊಳೆಯುವಾಗ ಮಾಡಿ. ಮರ ಚೆನ್ನಾಗಿ ಒಣಗಿರುವಾಗ ಬಿಗಿ ಮಾಡಿದ್ದು ಮಳೆಗಾಲದಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಆದರೆ ಕೈಯಲ್ಲಿ ಬರುವಷ್ಟು ಬಿಗಿ ಸಾಕು, ಸ್ಪ್ಯಾನರಿಗೆ ಪೈಪ್ ಸೇರಿಸಿ ಎಳೆದರೆ ಮರ ಸೀಳುತ್ತದೆ.

ಕಬ್ಬಿಣದ ಮಂಚದ ಕೆಲಸ ಸುಲಭ. ಪಿ.ಜಿ.ಗಳಲ್ಲಿ ಇರುತ್ತವಲ್ಲ, ಕೊಕ್ಕೆಗೆ ಸಿಕ್ಕಿಸುವ ಮಂಚಗಳು, ಅವುಗಳ ಕೊಕ್ಕೆ ಬಿಚ್ಚಿ ತುಕ್ಕು ತಿಕ್ಕಿ ತೆಗೆದು ಸ್ವಲ್ಪ ಗ್ರೀಸ್ ಸವರಿ, ರಬ್ಬರ್ ತುಂಡು ಇಟ್ಟು ಮತ್ತೆ ಸಿಕ್ಕಿಸಿ. ತುಕ್ಕು ಹಿಡಿದು ಅಲುಗದ ಬೋಲ್ಟಿಗೆ ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ಹದಿನೈದು ನಿಮಿಷ ಬಿಡಿ. ಅದು ಬಿಚ್ಚಲು ಒಳ್ಳೆಯದು, ಸದ್ದು ನಿಲ್ಲಿಸಲು ಅಲ್ಲ, ಬೇಗ ಆರಿಹೋಗುತ್ತದೆ. ಕಾಲಿನ ತುದಿಯ ರಬ್ಬರ್ ಬುಷ್ ಸವೆದಿದ್ದರೆ ಹೊಸದು ಹಾಕಿ. ವೆಲ್ಡಿಂಗ್ ಜಾಗದಲ್ಲಿ ಕೂದಲಿನಷ್ಟು ತುಕ್ಕಿನ ಗೆರೆ ಕಂಡರೆ ಅದು ಬಿರುಕು. ಎಂ-ಸೀಲ್ ಮೆತ್ತಬೇಡಿ, ವೆಲ್ಡಿಂಗ್ ಅಂಗಡಿಗೇ ತೆಗೆದುಕೊಂಡು ಹೋಗಿ.

ಹೈಡ್ರಾಲಿಕ್ ಮಂಚ, ಅಂದರೆ ಮೇಲಿನ ಹಲಗೆ ಕೊಳವೆಗಳ ಬಲದಿಂದ ಮೇಲಕ್ಕೆ ಏಳುವಂಥದ್ದು, ಇರುವವರು ದಯವಿಟ್ಟು ಹುಷಾರು. ಹಾಸಿಗೆ ತೆಗೆದ ತಕ್ಷಣ ಭಾರ ಕಡಿಮೆಯಾಗಿ ಮೇಲಿನ ಹಲಗೆ ತಾನಾಗಿಯೇ ಮೇಲಕ್ಕೆ ಹಾರಬಹುದು. ಮಕ್ಕಳನ್ನು ದೂರ ಇಡಿ, ಮುಖ ಬಗ್ಗಿಸಿಕೊಂಡು ನಿಲ್ಲಬೇಡಿ. ಆ ಉದ್ದನೆಯ ಕೊಳವೆಯೊಳಗೆ ಸಾರಜನಕದ ಅನಿಲ ತುಂಬಾ ಒತ್ತಡದಲ್ಲಿರುತ್ತದೆ, ಅದನ್ನು ಬಿಚ್ಚುವುದು, ತೂತು ಮಾಡುವುದು, ಬಿಸಿ ಮಾಡುವುದು ಬೇಡವೇ ಬೇಡ. ನೀವು ಮಾಡಬಹುದಾದ್ದು ಕೀಲುಗಳ ಸ್ಕ್ರೂ ಬಿಗಿ ಮಾಡುವುದು, ಕೀಲಿನ ಕಬ್ಬಿಣಕ್ಕೆ ಬಟ್ಟೆಯಿಂದ ಸ್ವಲ್ಪ ಗ್ರೀಸ್ ಒರೆಸುವುದು. ಕೊಳವೆಯಿಂದ ಎಣ್ಣೆ ಜಿನುಗುತ್ತಿದ್ದರೆ ಅದು ಮುಗಿದ ಹಾಗೆ, ಎರಡು ಬದಿಯದನ್ನೂ ಒಟ್ಟಿಗೆ ಬದಲಾಯಿಸಲು ತಿಳಿದವರನ್ನು ಕರೆಸಿ.

ಎಲ್ಲ ಜೋಡಿಸಿದ ಮೇಲೆ ಹಾಸಿಗೆ ಹಾಕುವ ಮೊದಲೇ ಇನ್ನೊಮ್ಮೆ ಮೂಲೆಗಳನ್ನು ಒತ್ತಿ ನೋಡಿ. ವಾರ ಮಲಗಿದ ಮೇಲೆ ವಾಷರುಗಳು ಒತ್ತಿಕೊಂಡು ಸ್ವಲ್ಪ ಸಡಿಲ ಆಗಿರುತ್ತವೆ, ಆಗ ಇನ್ನು ಕಾಲು ಸುತ್ತು ತಿರುಗಿಸಿ. ಮಂಚದ ಕೆಳಗೆ ನುಣ್ಣನೆಯ ಮರದ ಪುಡಿಯೋ ಮಣ್ಣಿನ ಗೆರೆಯೋ ಕಂಡರೆ ಮಾತ್ರ ಈ ಯಾವುದನ್ನೂ ಮಾಡಲು ಹೋಗಬೇಡಿ. ಅದು ಹುಳ ಅಥವಾ ಗೆದ್ದಲು, ಮೊದಲು ಅದಕ್ಕೆ ಔಷಧಿ ಆಗಬೇಕು. ಹಾಗೆಯೇ ಪಕ್ಕದ ಉದ್ದ ಹಲಗೆ ಸೀಳಿದ್ದರೆ ಬಡಗಿಯನ್ನು ಕರೆಸಿ, ಸೀಮೆಸುಣ್ಣದ ಗುರುತುಗಳನ್ನು ಅಳಿಸದೆ ಅವರಿಗೆ ತೋರಿಸಿ.