ಹಸಿರು ಹಕ್ಕಿಗಳನ್ನು ಕಿವಿಯಿಂದ ಹಿಡಿಯುವುದು: ಯಸುನಿ ಕಾಡಿನ ಮ್ಯಾನಕಿನ್ ಕಣಗಳಲ್ಲಿ ನನ್ನ ಅನುಭವ

ಪೂರ್ವ ಈಕ್ವೆಡಾರಿನ ಯಸುನಿ ಕಾಡಿನಲ್ಲಿ, ನಾಪೊ ಮತ್ತು ತಿಪುತಿನಿ ನದಿಗಳ ನಡುವೆ, ಬೆಳಗ್ಗೆ ಏಳು ಗಂಟೆಗೂ ನೆಲಮಟ್ಟದಲ್ಲಿ ಮಬ್ಬುಗತ್ತಲೆಯೇ. ಆ ಮಬ್ಬಿನಲ್ಲಿ ಕಣ್ಣಿಗೆ ಬೀಳುವ ಸಣ್ಣ ಹಕ್ಕಿಗಳೆಲ್ಲ ಒಂದೇ ಬಣ್ಣ. ಮ್ಯಾನಕಿನ್ ಎಂದರೆ ಹಣ್ಣು ತಿನ್ನುವ ಪುಟ್ಟ ಹಕ್ಕಿ; ಅದರ ಗಂಡುಗಳು ಸೇರಿ ಕುಣಿಯುವ ಜಾಗವೇ ಕಣ. ಮ್ಯಾನಕಿನ್ ಹೆಣ್ಣು ಹಸಿರು, ಎಳೆಯ ಗಂಡೂ ಹಸಿರು, ಒಳಕಾಡಿನ ಟೈರಂಟ್ ಫ್ಲೈಕ್ಯಾಚರ್‌ಗಳೂ ಹಸಿರೇ. ಬೈನಾಕ್ಯುಲರ್ ಎತ್ತಿ ಬಣ್ಣ ಹುಡುಕುತ್ತ ಹೋದರೆ ದಿನವೆಲ್ಲ ಕಳೆದರೂ ಪಟ್ಟಿ ಬೆಳೆಯುವುದಿಲ್ಲ. ನಾನು ಪಾಲಿಸುವ ಕ್ರಮವೇ ಬೇರೆ: ಜಾಗ ಹಿಡಿಯುವುದು ಕಿವಿಯಿಂದ, ಜಾತಿ ಹಿಡಿಯುವುದು ಕಾಲು ಮತ್ತು ಕೊಕ್ಕಿನಿಂದ, ಬಣ್ಣ ನೋಡುವುದು ಕೊನೆಗೆ.

ಕಿವಿಯನ್ನು ಇಷ್ಟು ನಂಬಲು ಕಾರಣವಿದೆ. ನಮ್ಮ ಮಡಿವಾಳ ಹಕ್ಕಿ ದೊಡ್ಡವರ ಹಾಡು ಕೇಳಿ ಕಲಿಯುತ್ತದೆ, ಹಾಗಾಗಿ ಊರಿಂದೂರಿಗೆ ರಾಗ ಬದಲಾಗುತ್ತದೆ. ಮ್ಯಾನಕಿನ್‌ಗಳು ಮತ್ತು ಟೈರಂಟ್‌ಗಳು ಸಬ್‌ಆಸೈನ್ ಎಂಬ ಗುಂಪಿನವು. ಇವಕ್ಕೆ ಹಾಡು ಬಹುಮಟ್ಟಿಗೆ ಹುಟ್ಟಿನಿಂದಲೇ ಬರುತ್ತದೆ. ಒಂದು ಜಾತಿಯ ಕೂಗನ್ನು ಒಂದು ಕಡೆ ಸರಿಯಾಗಿ ಕಲಿತರೆ ಆ ನದಿಪಾತ್ರದಲ್ಲೆಲ್ಲ ಅದು ನಡೆಯುತ್ತದೆ. ನಮ್ಮ ನವರಂಗವೂ ಇದೇ ದೊಡ್ಡ ಗುಂಪಿಗೆ ಸೇರಿದ್ದು. ಆದರೆ ಒಂದು ಎಚ್ಚರಿಕೆ ಬೇಕು. ವೈಟ್-ಕ್ರೌನ್ಡ್ ಮ್ಯಾನಕಿನ್‌ನಂಥ ಜಾತಿಯಲ್ಲಿ ಪ್ರದೇಶದಿಂದ ಪ್ರದೇಶಕ್ಕೆ ಕೂಗು ತೀರ ಬೇರೆ. ಪೆರುವಿನ ಬೆಟ್ಟದ ಧ್ವನಿಮುದ್ರಣ ಕೇಳಿ ಅಭ್ಯಾಸ ಮಾಡಿಕೊಂಡು ನಾಪೊ ದಂಡೆಗೆ ಬಂದರೆ ಹಕ್ಕಿ ತಲೆಯ ಮೇಲೆ ಕೂಗುತ್ತಿದ್ದರೂ ಗೊತ್ತಾಗದು. ಹೊರಡುವ ಮೊದಲು ಹಕ್ಕಿಧ್ವನಿಗಳ ಜಾಲತಾಣ ಕ್ಸೆನೊ-ಕ್ಯಾಂಟೊದಿಂದ ಅದೇ ನದಿಯ, ಅದೇ ದಂಡೆಯ ಧ್ವನಿಗಳನ್ನೇ ಆರಿಸಿ ಫೋನಿಗೆ ಇಳಿಸಿಕೊಳ್ಳಬೇಕು.

ಹೆಸರಿನ ಬಗ್ಗೆಯೂ ಒಂದು ಮಾತು. ಟೈರಂಟ್ ಫ್ಲೈಕ್ಯಾಚರ್ ಎಂದರೆ ಕನ್ನಡದಲ್ಲಿ ನೊಣಹಿಡುಕ ಎಂದುಬಿಡುವ ರೂಢಿ ಇದೆ. ನಮ್ಮ ನೊಣಹಿಡುಕಗಳಿಗೂ ಇವಕ್ಕೂ ನಂಟಿಲ್ಲ. ಇದು 400ಕ್ಕೂ ಹೆಚ್ಚು ಜಾತಿಗಳಿರುವ ಅಮೆರಿಕ ಖಂಡಗಳ ಕುಟುಂಬ, ಹಕ್ಕಿಗಳಲ್ಲೇ ಅತಿ ದೊಡ್ಡದು. ಇದರಲ್ಲಿ ಹಣ್ಣು ತಿಂದೇ ಬದುಕುವವೂ ಇವೆ. ಮ್ಯಾನಕಿನ್ ಎಂಬ ಹೆಸರೂ ಅಷ್ಟೇ ಸಡಿಲ. ಪನಾಮಾದಿಂದ ವಾಯವ್ಯ ಈಕ್ವೆಡಾರಿನವರೆಗಿನ ಕಾಡಿನ ಸಪಯೋವಾ ಬಹುಕಾಲ ಮ್ಯಾನಕಿನ್ ಎಂದೇ ಎಣಿಕೆಯಾಗಿತ್ತು. ಡಿಎನ್ಎ ನೋಡಿದಾಗ ಅದು ಏಷ್ಯಾ-ಆಫ್ರಿಕಾದ ನವರಂಗ, ಬ್ರಾಡ್‌ಬಿಲ್‌ಗಳ ಬಳಗದ್ದೆಂದು ತಿಳಿಯಿತು. ನವರಂಗ ನೋಡಿ ಬೆಳೆದ ನಮಗೆ ಅದು ಅಷ್ಟು ದೂರದ ಹಕ್ಕಿಯಲ್ಲ!

ಇನ್ನು ಕಣ ಹುಡುಕುವ ಕೆಲಸ. ಗಂಡುಗಳು ಗುಂಪಾಗಿ ಸೇರಿ ಹೆಣ್ಣಿಗಾಗಿ ಕುಣಿಯುವ ಜಾಗಕ್ಕೆ ಲೆಕ್ ಎನ್ನುತ್ತಾರೆ. ನನ್ನ ಟಿಪ್ಪಣಿಯಲ್ಲಿ ಅದು ಕಣ. ಸಾಮಾನ್ಯವಾಗಿ ಕಣದ ಜಾಗ ವರ್ಷವರ್ಷವೂ ಬದಲಾಗುವುದಿಲ್ಲ, ಆದ್ದರಿಂದ ಒಮ್ಮೆ ಹುಡುಕಿದ ಶ್ರಮ ಮುಂದಿನ ವರ್ಷಗಳಿಗೂ ಬರುತ್ತದೆ. ಇಲ್ಲಿ ಕುಣಿತದ ಭರಾಟೆ ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಬೆಳಗ್ಗೆ ಆರೂವರೆಗೆ ದಾರಿ ಹಿಡಿದು, 100 ಮೀಟರಿಗೊಮ್ಮೆ ನಿಂತು, ಮೂರು ನಿಮಿಷ ಕಿವಿಗೊಡುತ್ತೇನೆ. ಮೊದಲ ನಿಮಿಷ ಲೆಕ್ಕಕ್ಕಿಲ್ಲ, ನಮ್ಮ ಹೆಜ್ಜೆ ಸದ್ದಿಗೆ ಎಲ್ಲವೂ ಬಾಯಿಮುಚ್ಚಿರುತ್ತವೆ. ಕೂಗು ಕೇಳಿದ ಕಡೆಗೆ ನೇರ ನುಗ್ಗಬಾರದು. ದಾರಿಯ ಮೇಲೇ 30 ಮೀಟರ್ ಅಂತರದ ಎರಡು ಜಾಗದಿಂದ ದಿಕ್ಸೂಚಿ ಹಿಡಿದು ಕೋನ ಬರೆದುಕೊಳ್ಳಬೇಕು. ಎರಡು ಗೆರೆ ಕೂಡುವ ಕಡೆ ಹಕ್ಕಿ ಇರುತ್ತದೆ. ದಟ್ಟ ಎಲೆಗಳ ನಡುವೆ ಸದ್ದಿನ ದೂರ ಅಂದಾಜಾಗುವುದಿಲ್ಲ, ದಿಕ್ಕು ಮಾತ್ರ ಸರಿಯಾಗಿ ಸಿಗುತ್ತದೆ.

ಯಾವ ಎತ್ತರಕ್ಕೆ ಕಣ್ಣು ಹಾಯಿಸಬೇಕೆಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಗೋಲ್ಡನ್-ಹೆಡೆಡ್ ಮ್ಯಾನಕಿನ್ ಎತ್ತರದಲ್ಲಿ, ಸುಮಾರು 6ರಿಂದ 12 ಮೀಟರ್ ಮೇಲಿನ ಅಡ್ಡ ಕೊಂಬೆಗಳಲ್ಲಿ ಕೂರುತ್ತದೆ. ಒಂದೇ ಮರದ ಸುತ್ತ ಹಲವು ಗಂಡುಗಳು ಇರುವುದರಿಂದ ಗದ್ದಲವೂ ಜಾಸ್ತಿ. ಕುಣಿಯುವಾಗ ಚಕ್ರ ಕಟ್ಟಿಕೊಂಡಂತೆ ಕೊಂಬೆಯ ಮೇಲೆ ಹಿಮ್ಮುಖವಾಗಿ ಜಾರುತ್ತದೆ. ಆಗ ತೊಡೆಯ ಕೆಂಪು-ಬಿಳಿ ಗರಿ ಒಂದು ಕ್ಷಣ ಮಿಂಚುತ್ತದೆ. ಬ್ಲೂ-ಕ್ರೌನ್ಡ್ ಮ್ಯಾನಕಿನ್ ನಮ್ಮ ಎದೆಯೆತ್ತರದ ಆಸುಪಾಸಿನ ಕಡ್ಡಿಗಳಲ್ಲಿ, ಒಂದರಿಂದ ಒಂದು ದೂರ ದೂರ. ಅಕ್ಕಪಕ್ಕದ ಗಂಡುಗಳಿಗೆ ಪರಸ್ಪರರ ಕೂಗು ಕೇಳುತ್ತದೆ, ಮುಖ ಕಾಣದು. ಹೀಗಾಗಿ ಒಂದೇ ಹಕ್ಕಿ ಸಿಕ್ಕಾಗ ಕಣ ಇಲ್ಲವೆಂದು ತಿರುಗಿ ಬರಬಾರದು, ಸುತ್ತ 100 ಮೀಟರ್ ನೋಡಬೇಕು. ವೈರ್-ಟೇಲ್ಡ್ ಮ್ಯಾನಕಿನ್ ಹಳ್ಳದ ಬದಿ, ನೆರೆ ಬಂದು ಹೋಗುವ ತಗ್ಗಿನಲ್ಲಿ. ಇಳಿಯುತ್ತ ಹೋಗುವ, ಮೂಗಿನಿಂದ ಬಂದಂತಹ 'ಈ-ಊ' ಅದರ ಗುರುತು. ಗಂಡು ಬೆನ್ನು ತಿರುಗಿಸಿ, ಬಾಲದ ತಂತಿಯಂಥ ಗರಿಗಳಿಂದ ಹೆಣ್ಣಿನ ಕೊರಳನ್ನು ಸವರುತ್ತದೆ. ಹೆಣ್ಣು ಕದಲದೆ ಕೂತಿರುತ್ತದೆ. ಹತ್ತಿರದಿಂದ ಕಂಡರೆ ಉಸಿರು ಹಿಡಿದು ನಿಲ್ಲುವಂಥ ನೋಟ ಅದು.

ವೈಟ್-ಬಿಯರ್ಡೆಡ್ ಮ್ಯಾನಕಿನ್‌ನ ಕಣ ಇವೆಲ್ಲಕ್ಕಿಂತ ಬೇರೆ, ಅದನ್ನು ನೆಲ ನೋಡಿಯೇ ಹಿಡಿಯಬಹುದು. ಮರುಬೆಳೆದ ಕಾಡಿನಲ್ಲಿ, ಕಾಡಂಚಿನಲ್ಲಿ ಇರುತ್ತದೆ. ಪ್ರತಿ ಗಂಡಿಗೂ ತನ್ನದೇ ಅಂಗಳ: ಒಂದು ಗೇಣಿನಿಂದ ಎರಡು ಮೊಳದಷ್ಟು ಅಗಲ, ಕಸಗುಡಿಸಿದಂತೆ ಬೋಳು ಮಣ್ಣು, ಸುತ್ತ ಬೆರಳು ದಪ್ಪದ ಎರಡು-ಮೂರು ನೆಟ್ಟನೆಯ ಸಸಿಗಳು. ಸುತ್ತಲೆಲ್ಲ ತರಗೆಲೆ ಹಾಸಿರುವಾಗ ನಡುವೆ ಇಷ್ಟು ಜಾಗ ಮಾತ್ರ ಚೊಕ್ಕಟ. ಸಸಿಗಳ ಕಾಂಡವನ್ನು ಗಮನಿಸಿ: ಮತ್ತೆ ಮತ್ತೆ ಹಿಡಿದು ಕೂತ ಕಡೆ ತೊಗಟೆ ನಯವಾಗಿರುತ್ತದೆ. ಅಂಗಳ ಬಳಕೆಯಲ್ಲಿದೆಯೇ, ಬಿಟ್ಟುಹೋಗಿದೆಯೇ ಎಂದು ತಿಳಿಯಲು ಒಂದು ಸಣ್ಣ ಒಣಗಿದ ಎಲೆಯನ್ನು ನಡುವೆ ಇಟ್ಟು ದೂರ ಸರಿಯುತ್ತೇನೆ. ಯಜಮಾನ ಇದ್ದರೆ ಬಂದು ಕೊಕ್ಕಿನಲ್ಲಿ ಕಚ್ಚಿ ಹೊರಗೆ ಹಾಕುತ್ತದೆ. ಮಾರನೆಯ ದಿನವೂ ಎಲೆ ಅಲ್ಲೇ ಇದ್ದರೆ ಆ ಅಂಗಳವನ್ನು ಪಟ್ಟಿಯಿಂದ ತೆಗೆಯುತ್ತೇನೆ. ಒಂದು ಅಂಗಳಕ್ಕೆ ಒಂದೇ ಸಲ, ಒಂದೇ ಎಲೆ. ಅದಕ್ಕಿಂತ ಹೆಚ್ಚು ಮಾಡಿದರೆ ಕುಣಿಯುವ ಹೊತ್ತನ್ನು ಅದು ಕಸ ತೆಗೆಯುವುದರಲ್ಲೇ ಕಳೆಯುತ್ತದೆ.

ಇದರ ರೆಕ್ಕೆಸದ್ದು ಒಣಕಡ್ಡಿ ಮುರಿದಂತೆ, 'ಚಟ್'. ಧ್ವನಿ ಹಿಡಿಯುವವರು ಎಡವುವುದು ಇಲ್ಲೇ. ಕೂಗಿನ ಮಟ್ಟಕ್ಕೆ ಗೇನ್ (ಧ್ವನಿಯನ್ನು ಹಿಗ್ಗಿಸುವ ಪ್ರಮಾಣ) ಇಟ್ಟುಕೊಂಡು ಕೂತಿರುತ್ತಾರೆ, 'ಚಟ್' ಬಂದ ಕೂಡಲೇ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಮೀಟರಿನ ಮುಳ್ಳು ಇಷ್ಟು ಚಿಕ್ಕ ಸದ್ದನ್ನು ಪೂರ್ತಿ ತೋರಿಸುವುದಿಲ್ಲವಾದ್ದರಿಂದ ಆಗ ಗೊತ್ತೂ ಆಗದು, ಕ್ಯಾಂಪಿಗೆ ಬಂದು ನೋಡಿದಾಗಲೇ ತಿಳಿಯುವುದು. ಕೂಗಿಗೆ ಮೈನಸ್ 12 ಡೆಸಿಬೆಲ್ ಆಸುಪಾಸಿನ ಮಟ್ಟ ಸಾಕು; ರೆಕ್ಕೆಸದ್ದಿನ ಜಾತಿಗಳಿಗೆ ಅದನ್ನು ಮೈನಸ್ 24ಕ್ಕೆ ಇಳಿಸುತ್ತೇನೆ. 24 ಬಿಟ್, ವೇವ್ ಫೈಲ್. ಮಾದರಿ ದರ, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಬೇಕೆಂಬುದು, ಕೂಗಿಗೆ 48 ಕಿಲೊಹರ್ಟ್ಜ್, ರೆಕ್ಕೆಸದ್ದಿಗೆ 96. ಎಂಪಿ3ಯಲ್ಲಿ ಈ 'ಚಟ್' ಉಳಿಯುವುದೇ ಇಲ್ಲ, ಅದರ ಚೂಪು ಮಾಸಿ ಹಿಂದೆ-ಮುಂದೆ ಕಲೆಯಂತೆ ಹರಡುತ್ತದೆ. ಎತ್ತರದ ಗೋಲ್ಡನ್-ಹೆಡೆಡ್‌ಗೆ ದೂರದ ಸದ್ದನ್ನು ಮೈಕಿಗೆ ಕೂಡಿಸಿಕೊಡುವ ಪ್ಯಾರಾಬೊಲಿಕ್ ತಟ್ಟೆ ಒಳ್ಳೆಯದು. ನೆಲದ ಅಂಗಳಕ್ಕೆ ಅದು ಬೇಡ. ಎದುರಿನ ಸದ್ದನ್ನಷ್ಟೇ ಹಿಡಿಯುವ ಉದ್ದನೆಯ ಶಾಟ್‌ಗನ್ ಮೈಕನ್ನು ಸಣ್ಣ ಮುಕ್ಕಾಲಿಯ ಮೇಲೆ 4 ಮೀಟರ್ ದೂರದಲ್ಲಿಟ್ಟು, ಉದ್ದ ಕೇಬಲ್ ಎಳೆದು, ನಾನು 12 ಮೀಟರ್ ಆಚೆ ಬಟ್ಟೆಯ ಮರೆಯಲ್ಲಿ ಕೂರುತ್ತೇನೆ. ಜಾತಿ, ಸಮಯ, ದೂರ, ಗೇನ್ ಇವನ್ನು ಪ್ರತಿ ಫೈಲಿನ ಕೊನೆಯಲ್ಲಿ ಮಾತಿನಲ್ಲೇ ಹೇಳಿಬಿಡಬೇಕು. ಕಾಗದ ನೆನೆಯುತ್ತದೆ, ಮಾತು ನೆನೆಯುವುದಿಲ್ಲ. ರಾತ್ರಿ ಮೈಕನ್ನು ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬದಲ್ಲಿಡದಿದ್ದರೆ ಬೆಳಗ್ಗೆ ಚಿಟಿಚಿಟಿ ಸದ್ದು ಶುರುವಾಗುತ್ತದೆ.

ರೆಕ್ಕೆಸದ್ದಿನಲ್ಲೂ ಬಗೆಗಳಿವೆ. ಆಂಡಿಸ್‌ನ ಪಶ್ಚಿಮ ಇಳಿಜಾರಿನ ಮಿಂಡೊ ಕಡೆಗೆ ಹೋದರೆ ಕ್ಲಬ್-ವಿಂಗ್ಡ್ ಮ್ಯಾನಕಿನ್ ಸಿಗುತ್ತದೆ. ಅದರದು ತಟ್ಟುವ ಸದ್ದಲ್ಲ, ಪಿಟೀಲಿನ ತಂತಿಯಂಥ 'ಟಿಂಗ್'. ಬೆನ್ನ ಮೇಲೆ ಎತ್ತಿದ ರೆಕ್ಕೆಗಳನ್ನು ಸೆಕೆಂಡಿಗೆ 100ಕ್ಕೂ ಹೆಚ್ಚು ಸಲ ಅದುರಿಸಿ, ಒಂದು ಗರಿಯ ಏಣುಗಳ ಮೇಲೆ ಇನ್ನೊಂದು ಗರಿಯನ್ನು ಉಜ್ಜುತ್ತದೆ. ಸ್ವರ ಸುಮಾರು 1500 ಹರ್ಟ್ಜ್. ಪಕ್ಷಿವಿಜ್ಞಾನಿ ಕಿಂಬರ್ಲಿ ಬಾಸ್ಟ್‌ವಿಕ್ 2005ರಲ್ಲಿ ಹೈಸ್ಪೀಡ್ ವಿಡಿಯೊದಿಂದ ಇದನ್ನು ತೋರಿಸಿಕೊಟ್ಟರು. ಅದಕ್ಕೆ 48 ಕಿಲೊಹರ್ಟ್ಜ್ ಧಾರಾಳವಾಯಿತು, ಇದು ನಾದವೇ ಹೊರತು ಸಿಡಿತವಲ್ಲ.

ಹಕ್ಕಿಯನ್ನು ಹಿಡಿದು ಕೈಯಲ್ಲಿಟ್ಟು ನೋಡಲು ಕಟ್ಟುವ ಬಲೆಗೆ ಬರೋಣ. ಪರವಾನಗಿ ಮತ್ತು ತರಬೇತಿ ಇಲ್ಲದವರು ಈ ಕೆಲಸಕ್ಕೆ ಕೈಹಾಕಲೇಬಾರದು. ನಾನು ಬಳಸುವುದು 12 ಮೀಟರ್ ಉದ್ದ, 36 ಮಿಲಿಮೀಟರ್ ಕಣ್ಣಿನ ಮಂಜುಬಲೆ, ಅಂದರೆ ಹಕ್ಕಿಯ ಕಣ್ಣಿಗೆ ಬೀಳದಷ್ಟು ತೆಳುನೂಲಿನ ಬಲೆ. ಅಂಗಳದ ಮೇಲೆಯೇ ಬಲೆ ಕಟ್ಟಿದರೆ ಒಂದೇ ದಿನದಲ್ಲಿ ಹತ್ತು ಹಕ್ಕಿ ಸಿಗಬಹುದು, ಆದರೆ ಆ ಕಣ ಹಲವು ದಿನ ಮೌನವಾಗುತ್ತದೆ. 15 ಮೀಟರ್ ಆಚೆ, ಹಕ್ಕಿ ಬಂದುಹೋಗುವ ದಾರಿಗೆ ಅಡ್ಡವಾಗಿ ಕಟ್ಟುವುದು ಸರಿ. ಬಲೆಯ ಕೆಳಜೋಳಿಗೆ ನೆಲದಿಂದ ಮೊಣಕಾಲೆತ್ತರದಲ್ಲಿರಲಿ, ಹಕ್ಕಿ ತೂಗಿ ನೆಲ ಮುಟ್ಟಬಾರದು. ಸೈನಿಕ ಇರುವೆಗಳ ಸಾಲು ಬಲೆಯ ಕೆಳಗೆ ಹಾದರೆ ಕಂಬ ಹತ್ತಿ ಕೆಲವೇ ನಿಮಿಷಗಳಲ್ಲಿ ಹಕ್ಕಿಯನ್ನು ಕೊಂದುಬಿಡುತ್ತವೆ. ಇಪ್ಪತ್ತು ನಿಮಿಷಕ್ಕೊಂದು ಸುತ್ತು ಹಾಕುವುದು, ದೂರದಲ್ಲಿ ಮಳೆಯ ಸದ್ದು ಕೇಳಿದ ಕೂಡಲೇ ಬಲೆ ಸುತ್ತಿಡುವುದು, ಈ ಎರಡರಲ್ಲಿ ರಾಜಿ ಸಲ್ಲದು. ನೆನೆದ 9 ಗ್ರಾಂ ಹಕ್ಕಿಯನ್ನು ಉಳಿಸುವುದು ತುಂಬಾ ಕಷ್ಟ. ನಮ್ಮ ಮಲೆನಾಡಿನ ಇಂಬಳದ ಕಾಟ ಇಲ್ಲಿಲ್ಲ. ಬದಲಿಗೆ ಕಣ್ಣಿಗೆ ಕಾಣದ ಚಿಗರ್ ಹುಳು ಸೊಂಟದ ಪಟ್ಟಿಯ ಕೆಳಗೆ ಕಚ್ಚಿ ವಾರಗಟ್ಟಲೆ ತುರಿಸುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ ಗಂಧಕದ ಪುಡಿ ಹಚ್ಚಿಕೊಂಡರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಕೈಯಲ್ಲಿ ಹಸಿರು ಹಕ್ಕಿ ಇದ್ದಾಗ ಮೊದಲು ನೋಡಬೇಕಾದದ್ದು ಕಾಲು. ಮ್ಯಾನಕಿನ್‌ನ ನಡುಬೆರಳು ಮತ್ತು ಹೊರಬೆರಳು ಬುಡದಲ್ಲಿ ಕೂಡಿಕೊಂಡಿರುತ್ತವೆ. ಕೊಕ್ಕು ಗಿಡ್ಡ, ಬಾಯಿ ಮಾತ್ರ ಅಗಲ, ಇಡೀ ಹಣ್ಣು ನುಂಗಲು ಬೇಕಾದಷ್ಟು. ಕಾಲು ಕಿತ್ತಳೆಯಾದರೆ ವೈಟ್-ಬಿಯರ್ಡೆಡ್ ಅಥವಾ ಬ್ಲೂ-ಬ್ಯಾಕ್ಡ್. ಕೊರಳು ಬೂದು ಛಾಯೆಯದಾದರೆ ಮೊದಲನೆಯದು, ಮೈ ಒಂದೇ ಸಮನೆ ಆಲಿವ್ ಆಗಿದ್ದು ಗಾತ್ರ ದೊಡ್ಡದಿದ್ದರೆ ಎರಡನೆಯದು. ಗುಲಾಬಿ ಛಾಯೆಯ ಕಾಲು, ಪುಟ್ಟ ಮೈ, ಮಾಸಲು ಕೊಕ್ಕು ಇದ್ದರೆ ಗೋಲ್ಡನ್-ಹೆಡೆಡ್. ಕಪ್ಪಗಿನ ಕಾಲು, 9 ಗ್ರಾಂ ಸುತ್ತಿನ ತೂಕ, ಹುಲ್ಲುಹಸಿರಿನಲ್ಲಿ ನೀಲಿ ಬೆರೆತಂತಿದ್ದರೆ ಬ್ಲೂ-ಕ್ರೌನ್ಡ್. ಕೆಂಪು ಕಣ್ಣು, ಬೂದು ತಲೆ ವೈಟ್-ಕ್ರೌನ್ಡ್‌ನದು. ಬಾಲದ ತುದಿಯಲ್ಲಿ ಚಿಕ್ಕ ತಂತಿ ಇದ್ದರೆ ವೈರ್-ಟೇಲ್ಡ್. ಹೆಣ್ಣಿಗೂ ತಂತಿ ಉಂಟು, ಉದ್ದ ಕಡಿಮೆ ಅಷ್ಟೇ. ಹಸಿರು ಎಂದ ಮಾತ್ರಕ್ಕೆ ಹೆಣ್ಣೆಂದು ಬರೆಯಬೇಡಿ. ಗಂಡಿಗೆ ಪೂರ್ತಿ ಬಣ್ಣ ಬರಲು ವರ್ಷಗಳು ಬೇಕು, ಬ್ಲೂ-ಬ್ಯಾಕ್ಡ್‌ನ ಬಳಗದ ಲಾಂಗ್-ಟೇಲ್ಡ್‌ನಲ್ಲಂತೂ ಸುಮಾರು ನಾಲ್ಕು. ಹೊಟ್ಟೆಯ ಗರಿಯನ್ನು ಊದಿ ನೋಡಿ, ಕಾವಿನ ಬೋಳು ಕಂಡರೆ ಹೆಣ್ಣು. ಇಲ್ಲಿ ಕಾವು ಕೂರುವುದು ಹೆಣ್ಣು ಮಾತ್ರ. ಅದೂ ಇಲ್ಲದಿದ್ದರೆ 'ಹಸಿರು, ಲಿಂಗ ತಿಳಿಯದು' ಎಂದೇ ಬರೆಯಬೇಕು.

ಅಳತೆಗೆ ಮುಂಚೆ ಬಟ್ಟೆಚೀಲದಲ್ಲಿ ಹತ್ತು ನಿಮಿಷ ಇಟ್ಟರೆ ಹಿಕ್ಕೆ ಸಿಗುತ್ತದೆ. ಮ್ಯಾನಕಿನ್ ಹೊಟ್ಟೆಯಲ್ಲಿ ಹಣ್ಣು ಬಹಳ ಹೊತ್ತು ನಿಲ್ಲುವುದಿಲ್ಲ, ಕಾಲು ಗಂಟೆಯ ಆಸುಪಾಸಿನಲ್ಲೇ ಬೀಜ ಹೊರಗೆ. ನೇರಳೆ ಬಣ್ಣದ, ಮರಳಿನಷ್ಟು ಸಣ್ಣ ಬೀಜಗಳೇ ಹೆಚ್ಚಾಗಿ ಬರುತ್ತವೆ. ಅವು ಮಿಕೋನಿಯಾ ಗಿಡದವು. ನಮ್ಮ ನೆಕ್ಕರಿಕೆಯ ಕುಟುಂಬವೇ ಅದು, ಎಲೆಯ ಬುಡದಿಂದ ತುದಿಗೆ ಓಡುವ ಬಾಗಿದ ನರಗಳನ್ನು ನೋಡಿಯೇ ಗುರುತು ಹಿಡಿಯಬಹುದು. ಮಿಕೋನಿಯಾ ಹಣ್ಣು ಬಿಟ್ಟ ಜಾಗ ಕಂಡರೆ ಅಲ್ಲಿ ಒಂದು ಗಂಟೆ ಕೂರಿ.

ಅದೇ ಹಣ್ಣಿಗೆ ಬರುವ, ಮ್ಯಾನಕಿನ್ ಎಂದು ತಪ್ಪಾಗಿ ದಾಖಲಾಗುವ ಹಕ್ಕಿ ಒಂದಿದೆ: ಆಕರ್-ಬೆಲೀಡ್ ಫ್ಲೈಕ್ಯಾಚರ್. ಟೈರಂಟ್ ಕುಟುಂಬದ್ದಾದರೂ ಬದುಕೆಲ್ಲ ಮ್ಯಾನಕಿನ್‌ನಂತೆ. ಹಣ್ಣು ತಿನ್ನುತ್ತದೆ, ಗಂಡು ಕಣದಲ್ಲಿ ಕೂತು ಹಾಡುತ್ತದೆ, ಗೂಡಿನ ಕೆಲಸ ಹೆಣ್ಣಿನದು. ಹೊಟ್ಟೆ ಕಾವಿಮಣ್ಣಿನ ಬಣ್ಣ, ಕೊಕ್ಕು ತೆಳುವಾಗಿ ಉದ್ದ. ಖಚಿತ ಗುರುತು ರೆಕ್ಕೆಯದು: ಕೂತಲ್ಲೇ ಒಂದು ರೆಕ್ಕೆಯನ್ನು ಬೆನ್ನ ಮೇಲಕ್ಕೆ ಎತ್ತಿ ಇಳಿಸುತ್ತದೆ, ಸ್ವಲ್ಪ ಬಿಟ್ಟು ಇನ್ನೊಂದನ್ನು. ಮ್ಯಾನಕಿನ್ ಹಾಗೆ ಮಾಡುವುದಿಲ್ಲ. ಹಾಡು ಮೆಲ್ಲಗೆ, ಒಂದೇ ಸ್ವರದಲ್ಲಿ, ಬೇಸರವಿಲ್ಲದೆ ನಡೆಯುತ್ತಲೇ ಇರುತ್ತದೆ. ಕೀಟದ ಸದ್ದೆಂದು ಬಿಟ್ಟುಬಿಡುವವರು ಬಹಳ. ಇದಕ್ಕಾಗಿಯೇ ದಾರಿಯಲ್ಲಿ ನಿಂತಾಗ ಹೆಡ್‌ಫೋನ್ ಹಾಕಿ ಕೇಳುತ್ತೇನೆ.

ಮೇಲ್ಕಾಡಿನ ಟೈರಂಟ್‌ಗಳ ಬಗ್ಗೆ ನೆಲದಿಂದ ಹೇಳುವುದು ಕಡಿಮೆ. ಅವಕ್ಕೆ ಗೋಪುರ ಬೇಕು, ಬೆಳಕು ಹರಿದ ಮೊದಲ ಎರಡು ಗಂಟೆ ಬೇಕು. ಯೆಲ್ಲೊ-ಕ್ರೌನ್ಡ್ ಟೈರನ್ಯುಲೆಟ್‌ನ ಎರಡು ಸ್ವರದ ಸಿಳ್ಳೆ ಬಿಸಿಲೇರಿದ ಮೇಲೂ ಕೇಳುತ್ತದೆ, ಅದರಿಂದ ಶುರುಮಾಡಬಹುದು. ಟೊಲ್ಮೊಮಿಯಾಸ್ ಕುಲದ ಅಗಲಕೊಕ್ಕಿನವು ಕಣ್ಣಿಗೆ ಬೇರ್ಪಡುವುದೇ ಇಲ್ಲ, ಕೂಗು ಕೇಳದೆ ಹೆಸರು ಬರೆಯುವಂತಿಲ್ಲ. ಗೂಡು ಸಿಕ್ಕರೆ ಕುಲವಂತೂ ಖಚಿತ. ಗೀಜಗನ ಗೂಡಿನಂತೆ ತೂಗುವ, ಕೆಳಗಿನಿಂದ ಕೊಳವೆ ಬಾಯಿಯ ಕಪ್ಪು ನಾರಿನ ಚೀಲ, ಎಷ್ಟೋ ಸಲ ಕಣಜದ ಹುಟ್ಟಿನ ಪಕ್ಕದಲ್ಲೇ. ಹೀಗಾಗಿ ಕೆಳಗೆ ನಿಂತು ಕೊಂಬೆ ಅಲುಗಿಸುವ ಮೊದಲು ಸುತ್ತ ಕಣ್ಣಾಡಿಸಿ. ಹಕ್ಕಿ ಬಾಯಿ ಬಿಡದಿದ್ದರೆ 'ಟೊಲ್ಮೊಮಿಯಾಸ್, ಜಾತಿ ತಿಳಿಯದು' ಎಂದು ಬರೆದು, ಎತ್ತರ ಮತ್ತು ಸಮಯ ಸೇರಿಸಿ, ಮರುದಿನ ಬೆಳಗ್ಗೆ ಆರಕ್ಕೆ ಅದೇ ಮರದ ಕೆಳಗೆ ಮೈಕ್ ಇಡುತ್ತೇನೆ.