ಟ್ಯಾಕೋಮೀಟರ್ ಡ್ರೈವ್ ಹತ್ತಿರ ಆಯಿಲ್ ಸೋರುತ್ತಿದ್ದರೆ
ಹಳೇ ಬೈಕಿನಲ್ಲಿ ಟ್ಯಾಕೋಮೀಟರ್ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಮೀಟರ್) ಕೇಬಲ್ ಇಂಜಿನ್ ಸೇರುವ ಜಾಗ ಜಿಡ್ಡಾಗಿದೆಯಾ? ಸುಮ್ನೆ ಸಿಲಿಕೋನ್ ಮೆತ್ತಬೇಡಿ. ಚೆನ್ನಾಗಿ ಒರೆಸಿ, ಟಾಲ್ಕಂ ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಇಂಜಿನ್ ಓಡಿಸಿ. ಹೌಸಿಂಗ್ (ಡ್ರೈವಿನ ಹೊರಕವಚ) ಸುತ್ತ ಪೌಡರ್ ಒದ್ದೆಯಾದರೆ ಓ-ರಿಂಗ್ (ರಬ್ಬರ್ ಬಳೆ) ಹೋಗಿದೆ. ಕೇಬಲ್ ಒಳಗೇ ಆಯಿಲ್ ಇದ್ದರೆ ಕೇಬಲ್ ತಿರುಗಿಸುವ ಶಾಫ್ಟಿನ ಆಯಿಲ್ ಸೀಲ್ ಹೋಗಿದೆ. ಹಾಗೇ ಬಿಟ್ಟರೆ ಆಯಿಲ್ ಕೇಬಲ್ ಹಿಡಿದು ಮೀಟರ್ ತನಕ ಹತ್ತುತ್ತದೆ.

ಬಿಚ್ಚಿದ ಮೇಲೆ ಎರಡನ್ನೂ ಬದಲಿಸಿಬಿಡಿ, ಅಲ್ಲಿ ಜಿಪುಣತನ ಯಾಕೆ ಅಲ್ವಾ? ಸೀಲಿನ ಸ್ಪ್ರಿಂಗ್ ಕಾಣುವ ಮುಖ ಇಂಜಿನ್ ಕಡೆಗಿರಲಿ, ಲಿಪ್‌ಗೆ (ಶಾಫ್ಟ್ ಮುಟ್ಟುವ ಒಳ ಅಂಚಿಗೆ) ಒಂದು ಹನಿ ಆಯಿಲ್ ಸವರಿ. ಶಾಫ್ಟ್ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಜಾಸ್ತಿ ದಿನ ನಿಲ್ಲುವುದಿಲ್ಲ. ಸ್ಕ್ರೂ ಅತಿಯಾಗಿ ಬಿಗಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಇಷ್ಟಾದರೂ ಸೋರಿದರೆ ಬ್ರೀದರ್ ಪೈಪ್ (ಇಂಜಿನ್ ಒಳಗಿನ ಒತ್ತಡ ಹೊರಬಿಡುವ ಪೈಪ್) ಕಟ್ಟಿಕೊಂಡಿದೆಯಾ ನೋಡಿ.